ಕಿಕ್ ಏರಿಸಿದರೆ ಬೇಸ್ ಮುಳುಗುತ್ತದೆ, ಏನು ಮಾಡಲಿ?

ಪ್ರಶ್ನೆ:
ರಾಜಾಜಿನಗರದ ನಮ್ಮ ಮನೆಯ ಮಹಡಿಯಲ್ಲಿರುವ ಹತ್ತಡಿ ಚದರದ ಕೋಣೆಯಲ್ಲಿ ಕುಳಿತು ಒಂದು ಭಾವಗೀತೆಯನ್ನು ಮಿಕ್ಸ್ ಮಾಡುತ್ತಿದ್ದೇನೆ. ಹಾಡು ಎ ಮೈನರ್‌ನಲ್ಲಿದ್ದು, ಬೇಸ್ ಗಿಟಾರ್ ಬಹುಪಾಲು ಬೆರಳಿಡದೆ ಮೀಟಿದ ಎ ತಂತಿಯ ಮೇಲೆಯೇ ನಿಲ್ಲುತ್ತದೆ. ಮೇಜಿನ ಮುಂದೆ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಸಪ್ಪೆ ಎನಿಸಿದ್ದರಿಂದ 60 ಹರ್ಟ್ಸ್ ಬಳಿ 5 ಡೆಸಿಬೆಲ್ ಏರಿಸಿದೆ. ಅದನ್ನೇ ಅಣ್ಣನ ಕಾರಿನಲ್ಲಿ ಹಾಕಿದರೆ ಬಾಗಿಲು ಗಡಗಡ ನಡುಗುತ್ತದೆ, ಬೇಸ್‌ನ ಒಂದು ಸ್ವರವೂ ಬಿಡಿಯಾಗಿ ಕೇಳಿಸುವುದಿಲ್ಲ. ಕಿಕ್ ಬಡಿದಾಗಲೆಲ್ಲ ಬೇಸನ್ನು ತಾನಾಗಿ ತಗ್ಗಿಸುವ ಸೈಡ್‌ಚೈನ್ ಕಂಪ್ರೆಸರ್ ಹಾಕಿದರೆ ಸರಿಹೋದೀತೇ?

ಉತ್ತರ 1:
ಹಾಕಬಹುದು, ಆದರೆ ಅದು ಕೊನೆಯ ಕೆಲಸ. ಆ ಎ ತಂತಿಯ ನಾದ 55 ಹರ್ಟ್ಸ್. ತಾವು ಕಿಕ್ಕನ್ನು ಏರಿಸಿರುವುದೂ ಸರಿಸುಮಾರು ಅಲ್ಲಿಯೇ. ತಳದಲ್ಲಿ ಯಾರು ಕೂರಬೇಕೆಂದು ಮೊದಲು ತೀರ್ಮಾನಿಸಿ. ಕಿಕ್ಕಿಗೆ ಆ ಜಾಗ ಕೊಡುವುದಾದರೆ ಬೇಸ್‌ನಲ್ಲಿ 55ರ ಸುತ್ತ ಎರಡು ಮೂರು ಡೆಸಿಬೆಲ್ ಇಳಿಸಿ, ಅದರ ಎರಡನೆಯ ಹಾರ್ಮೋನಿಕ್ (ಮೂಲ ನಾದದ ಜೊತೆಗೇ ಹೊಮ್ಮುವ, ಅದರ ಇಮ್ಮಡಿ ಕಂಪನದ ನಾದ) ಆದ 110 ಹರ್ಟ್ಸ್ ಹಾಗೂ ಬೆರಳಿನ ಸದ್ದಿರುವ 800ರ ಆಸುಪಾಸನ್ನು ತುಸು ಮುಂದೆ ತನ್ನಿ; ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದು ಇವುಗಳಿಂದಲೇ. ಭಾವಗೀತೆಯಾದ್ದರಿಂದ ತಬಲಾ ಇದ್ದೀತು, ಡಗ್ಗಾಕ್ಕೂ ಒಂದಿಷ್ಟು ಜಾಗ ಉಳಿಸಿ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ನನಗೆ ಅನುಮಾನವಿರುವುದು ಕೋಣೆಯ ಮೇಲೆ. ಹತ್ತಡಿ ಎಂದರೆ 3.05 ಮೀಟರ್, ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ, ಎದುರುಬದುರು ಗೋಡೆಗಳ ನಡುವೆ 56 ಹರ್ಟ್ಸ್‌ನ ಅಲೆ ಮುಂದೆ ಸಾಗದೆ ನಿಂತಲ್ಲೇ ಏರಿಳಿಯುತ್ತದೆ, ಅದು ಗೋಡೆಯ ಬಳಿ ಉಬ್ಬಿ ಕೋಣೆಯ ನಟ್ಟನಡುವೆ ಬಹುಮಟ್ಟಿಗೆ ಅಡಗುತ್ತದೆ. ಉದ್ದ, ಅಗಲ ಎರಡೂ ಒಂದೇ ಆದಾಗ ತೊಂದರೆ ಇಮ್ಮಡಿ. ತಮ್ಮ ಕುರ್ಚಿ ಎಲ್ಲಿದೆ? ಒಮ್ಮೆ ಹಾಡು ನುಡಿಸುತ್ತಾ ಮೂಲೆಗೆ ನಡೆದು ಹೋಗಿ ಕೇಳಿ. ಮೊಟ್ಟೆಯ ಟ್ರೇಗಳನ್ನು ಅಂಟಿಸುವ ಗೋಜಿಗೆ ಮಾತ್ರ ಹೋಗಬೇಡಿ. ನಾನು ಒಂದು ಗೋಡೆಯ ತುಂಬ ಅಂಟಿಸಿ, ಬಣ್ಣ ಕಿತ್ತು ಬಂದದ್ದಕ್ಕೆ ಮನೆ ಮಾಲೀಕರಿಂದ ಬೈಸಿಕೊಂಡೆನೇ ಹೊರತು ಬೇಸ್ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮೂಲೆಗಳಿಗೆ ದಪ್ಪನೆಯ ರಾಕ್‌ವುಲ್ (ಕಲ್ಲಿನ ನಾರಿನಿಂದ ಮಾಡಿದ, ಶಬ್ದ ಹೀರುವ ಹಾಸು) ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಟೇಪು ಹಿಡಿದು ಅಳೆದೆ: ಕುರ್ಚಿ ಮುಂದಿನ ಗೋಡೆಯಿಂದ ಸರಿಯಾಗಿ ಐದಡಿ! ಮೂಲೆಯಲ್ಲಿ ನಿಂತಾಗ, ಸಪ್ಪೆ ಎಂದುಕೊಂಡಿದ್ದ ಕಿಕ್ಕು ಎದೆಗೇ ಬಡಿಯಿತು. ಕುರ್ಚಿಯನ್ನು ಒಂದೂಕಾಲು ಅಡಿ ಮುಂದೆ ಸರಿಸಿ, ಏರಿಸಿದ್ದ 5 ಡೆಸಿಬೆಲ್ಲನ್ನು ಪೂರ್ತಿ ತೆಗೆದು, ಬೇಸ್‌ನಲ್ಲಿ 55ರ ಬಳಿ ಎರಡೂವರೆ ಇಳಿಸಿದ್ದೇನೆ. ಸೈಡ್‌ಚೈನನ್ನು ಇನ್ನೂ ಮುಟ್ಟಿಲ್ಲ. ಅಣ್ಣ ಕಾರಿನ ಕೀಲಿ ಕೊಡುವುದು ಭಾನುವಾರವೇ, ಅಲ್ಲಿಯವರೆಗೆ ಹೆಡ್‌ಫೋನಿನಲ್ಲಿ ಕೇಳುತ್ತಿರುತ್ತೇನೆ.