ಬಿಸಿಯಾದ ಮೇಲೆ ಎಂಜಿನ್ ನಡುಗುತ್ತದೆ, ಪಿಕಪ್ ಇಲ್ಲ. ಇನ್ನೇನು ಬದಲಿಸಲಿ?

ಪ್ರಶ್ನೆ (ಸೇಡಂ): ಮೇಸ್ತ್ರಿ ಅಣ್ಣಾರೆ, ನಮಸ್ಕಾರ. ನನ್ನದು 2006ರ ಸಣ್ಣ ಕಾರು. ನಾಲ್ಕು ಸಿಲಿಂಡರ್, ಪೆಟ್ರೋಲ್ ಇಂಜೆಕ್ಷನ್ ಗಾಡಿ, ಏಳೆಂಟು ವರ್ಷದ ಹಿಂದೆ ಎಲ್‌ಪಿಜಿ ಕಿಟ್ ಹಾಕಿಸಿದ್ದೇನೆ. 1 ಲಕ್ಷ 40 ಸಾವಿರ ಕಿ.ಮೀ. ಓಡಿದೆ. ವಾರಕ್ಕೆ ಮೂರು ಸಲ ಅಪ್ಪನ ಡಯಾಲಿಸಿಸ್‌ಗೆ ಕಲಬುರಗಿಗೆ ಬರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪರವಾಗಿಲ್ಲ. ಮಳಖೇಡ ದಾಟಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಶುರುವಾಗುತ್ತದೆ ನೋಡಿ. ಜಗತ್ ಸರ್ಕಲ್‌ನಲ್ಲಿ ನಿಂತರೆ ಸ್ಟೇರಿಂಗು, ಸೀಟು, ಕನ್ನಡಿ ಎಲ್ಲಾ ನಡುಗುತ್ತವೆ, ಎಸಿ ಹಾಕಿದರೆ ಬಂದ್ ಬೀಳುತ್ತದೆ. ರೈಲ್ವೆ ಬ್ರಿಜ್ ಏರುವಾಗ ರೇಸ್ ಎಷ್ಟು ಕೊಟ್ಟರೂ ಎಳೆಯುವುದಿಲ್ಲ. ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಥ್ರಾಟಲ್ ಬಾಡಿ ತೊಳೆಸಿದೆ. ಪಂಪ್ ಹೋಗಿದೆ ಅಂದರು, ಅದನ್ನೂ ಹಾಕಿಸಿದೆ, 5 ಸಾವಿರ ಹೋಯಿತು. ಸ್ಕ್ಯಾನರ್‌ನಲ್ಲಿ ಏನೂ ಬರುತ್ತಿಲ್ಲ. ಈಗ ಇನ್ನೊಬ್ಬರು ಎಂಜಿನ್ ಇಳಿಸಬೇಕು, 40 ಸಾವಿರ ಆಗುತ್ತದೆ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ಮೇಸ್ತ್ರಿ, ಕಲಬುರಗಿ): ತಮ್ಮಾ, ಮೊದಲು ದುಡ್ಡು ಖರ್ಚು ಮಾಡುವುದು ನಿಲ್ಲಿಸು. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಯಾರೂ ನೋಡಿಲ್ಲ, ಸುಮ್ನೆ ಸಾಮಾನು ಬದಲಿಸಿದ್ದಾರೆ. ಒಂದು ಮಾತು ಹೇಳು. ಗಾಡಿ ಪೆಟ್ರೋಲ್‌ನಲ್ಲಿ ನಡುಗುತ್ತದೆಯೋ, ಗ್ಯಾಸ್‌ನಲ್ಲೋ, ಎರಡರಲ್ಲೂನಾ?

ಪ್ರಶ್ನೆ: ಎರಡರಲ್ಲೂ ಅಣ್ಣಾರೆ. ಒಂದೇ ಥರ.

ಉತ್ತರ: ಹಾಗಾದರೆ ಪಂಪ್ ಹಾಕಿಸಿದ್ದು ದಂಡ. ಪೆಟ್ರೋಲ್ ಪಂಪ್, ಪೆಟ್ರೋಲ್ ಫಿಲ್ಟರ್, ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ನಳಿಕೆ) ಇವು ಗ್ಯಾಸ್‌ನಲ್ಲಿ ಓಡುವಾಗ ಕೆಲಸಕ್ಕೇ ಬರುವುದಿಲ್ಲ. ಅವುಗಳ ತಪ್ಪಾಗಿದ್ದರೆ ಗ್ಯಾಸ್‌ಗೆ ಹಾಕಿದ ಕೂಡಲೇ ಗಾಡಿ ಸರಿಯಾಗಬೇಕಿತ್ತು, ಅಲ್ವಾ? ಎರಡರಲ್ಲೂ ಒಂದೇ ಥರ ನಡುಗಿದರೆ ಮುಖ್ಯವಾಗಿ ನೋಡಬೇಕಾದದ್ದು ಕಿಡಿ, ಗಾಳಿ ಸೋರಿಕೆ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ), ಈ ಮೂರು. ಕಿಟ್ ಹಾಕಿದ ಗಾಡಿಯವರಿಗೆ ಈ ಪರೀಕ್ಷೆ ಪುಕ್ಕಟೆ, ಆದರೂ ಯಾರೂ ಮಾಡುವುದಿಲ್ಲ.

ಇನ್ನೊಂದು ಲೆಕ್ಕ ಇದೆ. ಗಾಳಿ ಸೋರುತ್ತಿದ್ದರೆ ಸ್ಲೋದಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಜಾಸ್ತಿ ಕಾಡುತ್ತದೆ, ರೇಸ್ ಕೊಟ್ಟ ಮೇಲೆ ಕಡಿಮೆ ಆಗುತ್ತದೆ, ಯಾಕಂದರೆ ಎಂಜಿನ್ ಆಗ ಎಳೆಯುವ ಗಾಳಿಯ ಮುಂದೆ ಆ ತೂತು ಏನೂ ಅಲ್ಲ. ಸೈಲೆನ್ಸರ್ ಕಟ್ಟಿಕೊಂಡಿದ್ದರೆ ಇದರ ಉಲ್ಟಾ, ಸ್ಲೋದಲ್ಲಿ ಚೆನ್ನಾಗಿರುತ್ತದೆ, ಎಳೆಯುವಾಗ ಉಸಿರು ಕಟ್ಟುತ್ತದೆ. ನಿನ್ನದು ಎರಡೂ ಕಡೆ ಕೆಟ್ಟಿದೆ. ಒಂದು ಸಿಲಿಂಡರ್ ಕೈಕೊಟ್ಟಿದೆ ಅಂತ ನನಗನಿಸುತ್ತದೆ.

ಹೀಗೆ ಮಾಡಿಸು. ಗಾಡಿ ಪೂರ್ತಿ ಬಿಸಿ ಇರಬೇಕು, ಪೆಟ್ರೋಲ್‌ಗೆ ಹಾಕು, ಸ್ಲೋದಲ್ಲಿ ಬಿಡು. ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಬಿಚ್ಚಿ ಮತ್ತೆ ಹಾಕುತ್ತಾ ಹೋಗಬೇಕು. ಒಳ್ಳೆ ಸಿಲಿಂಡರ್‌ನದು ಬಿಚ್ಚಿದರೆ ಎಂಜಿನ್ ಇನ್ನೂ ಜಾಸ್ತಿ ನಡುಗುತ್ತದೆ. ಯಾವುದನ್ನು ಬಿಚ್ಚಿದರೂ ಏನೂ ಫರಕ್ ಆಗುವುದಿಲ್ಲವೋ ಅದೇ ಕಳ್ಳ. ಓಡುವ ಎಂಜಿನ್ನಿನ ಪ್ಲಗ್ ವೈರ್ ಎಳೆದು ನೋಡುವುದು ಬೇಡ. ಶಾಕ್ ಹೊಡೆಯುತ್ತದೆ, ಕಾಯಿಲ್ ಸುಡಬಹುದು, ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗುತ್ತದೆ.

ಕಳ್ಳ ಸಿಕ್ಕ ಮೇಲೆ ಎಂಜಿನ್ ಬಂದ್ ಮಾಡಿ ಆ ಸಿಲಿಂಡರ್‌ನ ಪ್ಲಗ್ಗನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡು. ಆಮೇಲೆ ವೈರು. ತೊಂದರೆ ಪಕ್ಕಕ್ಕೆ ಹೋದರೆ ಆ ಸಾಮಾನಿನದೇ ತಪ್ಪು, ಕಡಿಮೆ ದುಡ್ಡಿನಲ್ಲಿ ಮುಗಿಯಿತು. ಹೋಗಲಿಲ್ಲ ಅಂದರೆ ಇಲ್ಲಿ ಬರೆ.

ಕಾಮೆಂಟ್ (ಯಾದಗಿರಿ): ಅಣ್ಣಾ, ನನ್ನ ಗಾಡಿಯಲ್ಲೂ ಇದೇ ಇತ್ತು, ಗಾಳಿ ಪೈಪ್ ಸೀಳಿತ್ತು. ಅದನ್ನೂ ನೋಡಲು ಹೇಳಿ.

ಉತ್ತರ: ಸರಿ ಹೇಳಿದಿರಿ. ನಮ್ಮ ಕಡೆ ಬೇಸಿಗೆಯಲ್ಲಿ 43-44 ಡಿಗ್ರಿ, ಬಾನೆಟ್ ಒಳಗೆ ಅದಕ್ಕಿಂತ ಜಾಸ್ತಿ. 15 ವರ್ಷದ ರಬ್ಬರ್ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಸಣ್ಣ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಸೀಳು ಬಾಯಿ ಬಿಡುತ್ತದೆ. ಕೆಲವರು ಕಾರ್ಬ್ಯುರೇಟರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ, ದಯವಿಟ್ಟು ಮನೆಯಲ್ಲಿ ಮಾಡಬೇಡಿ.

ತೊಗರಿ ರಾಶಿ ಮುಗಿದ ಮೇಲೆ ಬರುವ ಹಳ್ಳಿ ಗಾಡಿಗಳಲ್ಲಿ ನಾನು ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆಯುತ್ತೇನೆ. ಚಿತ್ತಾಪುರದ ಕಡೆಯ ಒಂದು ಗಾಡಿಯಲ್ಲಿ ಡಬ್ಬಿ ತುಂಬಾ ತೊಗರಿ ಹೊಟ್ಟು, ನಡುವೆ ಅಂಗೈ ಅಗಲದ ಇಲಿ ಗೂಡು, ಅದರಲ್ಲಿ ಸೀಟಿನ ಹತ್ತಿ. ಪಕ್ಕದ ಸೆನ್ಸರ್ ವೈರ್ ಕಚ್ಚಿ ತಾಮ್ರ ಹೊರಗೆ ಬಂದಿತ್ತು. ಆ ಮನುಷ್ಯ ಅದಕ್ಕೂ ಮೊದಲು ಇಂಜೆಕ್ಟರ್ ಬದಲಿಸಿ ಬಂದಿದ್ದರು.

ಕಾಮೆಂಟ್ (ಬೀದರ್): ನನಗೆ ಪಿಕಪ್ ಮಾತ್ರ ಇಲ್ಲ, ನಡುಗುವುದಿಲ್ಲ ಸರ್.

ಉತ್ತರ: ರೇಸ್ ಕೊಟ್ಟಾಗ ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟ್ ನೋಡಿ. ಹತ್ತು ಕಿ.ಮೀ. ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಎಂಜಿನ್ ಕಡೆ ಹೋಗುವುದು ಆಮೇಲೆ.

ಪ್ರಶ್ನೆ (ಸೇಡಂ): ಅಣ್ಣಾರೆ, ನೀವು ಹೇಳಿದಂತೆ ಮಾಡಿಸಿದೆ. ಮೂರನೇ ಸಿಲಿಂಡರ್ ಕನೆಕ್ಟರ್ ಬಿಚ್ಚಿದರೆ ಏನೂ ಫರಕ್ ಇಲ್ಲ. ಪ್ಲಗ್ ಬದಲಿಸಿದರೂ ಅದೇ, ವೈರ್ ಬದಲಿಸಿದರೂ ಅದೇ. ಪೈಪ್ ಎಲ್ಲಾ ಸರಿ ಇವೆ.

ಉತ್ತರ: ಒಳ್ಳೆಯದಾಯಿತು, ನಾಲ್ಕರಲ್ಲಿ ಒಂದಕ್ಕೆ ಬಂದೆವು. ಈಗ ಕಂಪ್ರೆಷನ್ ಗೇಜ್ ಹಾಕಿಸು. ನಾಲ್ಕೂ ಪ್ಲಗ್ ತೆಗೆದಿರಬೇಕು, ಪೆಟ್ರೋಲ್, ಗ್ಯಾಸ್, ಕಿಡಿ ಎಲ್ಲಾ ಬಂದ್, ಬ್ಯಾಟರಿ ಚಾರ್ಜ್ ಇರಬೇಕು, ಸೆಲ್ಫ್ ಹೊಡೆಯುವಾಗ ರೇಸ್ ಪೂರ್ತಿ ಒತ್ತಿ ಹಿಡಿದಿರಬೇಕು. ರೇಸ್ ಒತ್ತದೆ ನೋಡಿದರೆ ಒಳಗೆ ಗಾಳಿ ಹೋಗದೆ ಎಲ್ಲವೂ ಕಡಿಮೆ ತೋರಿಸುತ್ತವೆ, ಅಷ್ಟಕ್ಕೇ ಎಂಜಿನ್ ಹೋಯಿತು ಅಂದವರನ್ನು ನೋಡಿದ್ದೇನೆ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವ್, ಅಂದರೆ ಸಿಲಿಂಡರ್‌ಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲು.

ಪ್ರಶ್ನೆ: ಬಿಸಿ ಎಂಜಿನ್ನಿನಲ್ಲಿ ನೋಡಿಸಿದೆ. ಒಂದು, ಎರಡು, ನಾಲ್ಕನೇ ಸಿಲಿಂಡರ್ 12 ಬಾರ್‌ನ ಹತ್ತಿರ ಇವೆ, ಮೂರನೆಯದು 7. ಆಯಿಲ್ ಬಿಟ್ಟ ಮೇಲೂ 7 ಚಿಲ್ಲರೆ. ಎಂಜಿನ್ ಇಳಿಸಬೇಕಾ ಅಣ್ಣಾರೆ?

ಉತ್ತರ: ಇಳಿಸಬೇಡ! ರಿಂಗ್ ಗಟ್ಟಿ ಇದೆ. ಹೆಡ್ (ವಾಲ್ವ್ ಇರುವ ಎಂಜಿನ್ನಿನ ಮೇಲ್ಭಾಗ) ಕೂಡ ಬಿಚ್ಚುವ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ನೋಡಿಸು. ಮೇಲಿನ ಕವರ್ ತೆಗೆದರೆ ಸಾಕು. ಗ್ಯಾಸ್ ಗಾಡಿಯಲ್ಲಿ ವಾಲ್ವ್ ಕೂರುವ ಸೀಟ್ ಬೇಗ ಸವೆಯುತ್ತದೆ. ಸೀಟ್ ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಗ್ಯಾಪ್ ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಹೇಗೋ ನಡೆಯುತ್ತದೆ. ಬಿಸಿಯಾಗಿ ವಾಲ್ವ್ ಕಡ್ಡಿ ಉದ್ದವಾದಾಗ ಅದು ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಅಲ್ಲೇ ಸೋರಿ ಹೋಗುತ್ತದೆ. ನೀನು ಮಳಖೇಡ ದಾಟಿದ ಮೇಲೆ ಅಂದಾಗಲೇ ನನಗೆ ಇದರ ಅನುಮಾನ ಇತ್ತು. ಸ್ಕ್ಯಾನರ್‌ಗೆ ಈ ಗ್ಯಾಪ್ ಕಾಣುವುದಿಲ್ಲ. ಟ್ಯಾಪೆಟ್ ಟಕ್ ಟಕ್ ಅಂದರೆ ಜನ ಹೆದರಿ ಟೈಟ್ ಮಾಡಿಸುತ್ತಾರೆ, ಆದರೆ ಸ್ವಲ್ಪ ಸದ್ದು ಇರುವುದೇ ಕ್ಷೇಮ. ಸದ್ದೇ ಇಲ್ಲದ ಟೈಟ್ ವಾಲ್ವ್ ಸುಟ್ಟು ಹೋಗುತ್ತದೆ.

ರಾತ್ರಿಯೇ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಹೋಗು, ಬೆಳಗ್ಗೆ ತಣ್ಣಗಿರುವಾಗ ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ನೋಡಲಿ. ಅಳತೆ ನಿನ್ನ ಗಾಡಿಯ ಪುಸ್ತಕದಲ್ಲಿ ಇರುವುದೇ ಆಗಬೇಕು, ಅಂದಾಜು ಬೇಡ.

ಪ್ರಶ್ನೆ: ಅಣ್ಣಾರೆ, ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ (ಹೊಗೆ ಹೊರಹಾಕುವ) ವಾಲ್ವ್‌ಗೆ ಗೇಜಿನ ಅತಿ ತೆಳು ಪಟ್ಟಿಯೂ ಹೋಗಲಿಲ್ಲ! ಸೆಟ್ ಮಾಡಿದರು, 600 ರೂಪಾಯಿ ತೆಗೆದುಕೊಂಡರು. ಈಗ ಕಂಪ್ರೆಷನ್ 10.5. ಇವತ್ತು ಅಪ್ಪನನ್ನು ಕರೆದುಕೊಂಡು ಎಸಿ ಹಾಕಿಕೊಂಡೇ ಬಂದೆ, ಸಿಗ್ನಲ್‌ನಲ್ಲಿ ಕನ್ನಡಿ ಅಲುಗಲಿಲ್ಲ.

ಉತ್ತರ: ಭಾಳ ಸಂತೋಷ ತಮ್ಮಾ. ಆದರೆ 12 ಬರಲಿಲ್ಲ, 10.5 ಬಂದಿದೆ, ಅಂದರೆ ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಬಹುದು. 1000 ಕಿ.ಮೀ. ಓಡಿಸಿ ಗ್ಯಾಪ್ ಮತ್ತು ಕಂಪ್ರೆಷನ್ ಎರಡನ್ನೂ ಮತ್ತೆ ನೋಡಿಸು. ಎರಡೂ ಬದಲಾಗದಿದ್ದರೆ ಹಾಗೇ ಓಡಿಸು, ಮುಂದೆ ಪ್ರತಿ 10 ಸಾವಿರಕ್ಕೊಮ್ಮೆ ಗ್ಯಾಪ್ ನೋಡಿಸಿದರೆ ಸಾಕು. ಮತ್ತೆ ಇಳಿದಿದ್ದರೆ ಹೆಡ್ ಮಾತ್ರ ಬಿಚ್ಚಿಸಿ ವಾಲ್ವ್ ಗ್ರೈಂಡಿಂಗ್ (ವಾಲ್ವ್, ಸೀಟ್ ಉಜ್ಜಿ ಸರಿಯಾಗಿ ಕೂರಿಸುವುದು) ಮಾಡಿಸಬೇಕು, ಕೆಳಗಿನ ಎಂಜಿನ್ ಮುಟ್ಟಲು ಬಿಡಬೇಡ. ದಿನಾ ಮೊದಲ ಎರಡು ಮೂರು ಕಿ.ಮೀ. ಪೆಟ್ರೋಲ್‌ನಲ್ಲೇ ಓಡಿಸು. ಡಯಾಲಿಸಿಸ್ ಇಲ್ಲದ ದಿನ ನೋಡಿ ಗಾಡಿ ಗ್ಯಾರೇಜಿಗೆ ಬಿಡು, ಅಪ್ಪಾಜಿಗೆ ತೊಂದರೆ ಆಗಬಾರದು.