ಕಳ್ಳರು ಕೊಟ್ಟ ನಿದ್ದೆ

"ಸಣ್ಣ ನಿದ್ದೆಗೆ ಇಂಗ್ಲಿಷಿನಲ್ಲಿ ಸ್ನೂಜ್ ಅಂತಾರಲ್ಲ, ಅದು ಎಲ್ಲಿಯ ಪದ?" ಎಂದು ಬ್ಯಾಂಕಿನವರು ಕೇಳಿದ್ದೇ ತಡ, ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಅರ್ಧ ಗಂಟೆ ಗ್ಯಾರಂಟಿ.

"ಕಳ್ಳರ ಪದ ರೀ! ಇಂಗ್ಲೆಂಡಿನ ಪೋಕರಿಗಳ ಗುಟ್ಟು ಭಾಷೆಯದು. ಅಚ್ಚಿಗೆ ಬಂದದ್ದು 1780ರ ದಶಕದಲ್ಲಿ. ಹೇಗೆ ಹುಟ್ಟಿತು ಅಂತ ನಿಘಂಟಿನವರಿಗೂ ಪತ್ತೆಯಿಲ್ಲ."

"ಕಳ್ಳರಿಗೆ ನಿದ್ದೆಯ ಚಿಂತೆ ಯಾಕೆ?" ಭಟ್ಟರ ಸಂಶಯ.

"ನಿದ್ದೆ ಮನೆಯವರದು. ಚಿಂತೆ ಮಾತ್ರ ಕಳ್ಳರದು. ಆಮೇಲೆ 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಸ್ನೂಜ್ ಅಲಾರಂ ಅಂತ ಗಡಿಯಾರ ಮಾರಿತು. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಬಾಯಿ ಮುಚ್ಚುತ್ತದೆ, ಆಮೇಲೆ ಮತ್ತೆ ಬಡಿದುಕೊಳ್ಳುತ್ತದೆ."

"ಸ್ವಲ್ಪ ಹೊತ್ತಾದರೂ ಮುಚ್ಚುತ್ತದಲ್ಲ!" ಎಂದು ಭಟ್ಟರು ಮೇಷ್ಟ್ರ ಕಡೆಗೇ ನೋಡಿದರು.

ಮೇಷ್ಟ್ರಿಗೆ ಅದು ಕೇಳಿಸಲೇ ಇಲ್ಲ. "ಸಣ್ಣ ನಿದ್ದೆಯ ಇನ್ನೊಂದು ಹೆಸರು ನ್ಯಾಪ್ ಹಾಗಲ್ಲ, ಮನೆತನಸ್ಥ ಪದ. ಸಾವಿರ ವರ್ಷ ದಾಟಿದೆ. ಹಳೆಯ ಇಂಗ್ಲಿಷಿನಲ್ಲಿ ಹ್ನಪ್ಪಿಯನ್ ಅಂತಿತ್ತು. ಡೋಜ್ 17ನೇ ಶತಮಾನದ್ದು, ಸ್ಕ್ಯಾಂಡಿನೇವಿಯಾ ಕಡೆಯ ನೆಂಟ ಇರಬೇಕು."

"ಎರಡೂ ಒಂದೇ ಅಲ್ವಾ?"

"ಛೆ! ನ್ಯಾಪ್ ನೀವು ಮಾಡೋದು, ಡೋಜ್ ನಿಮಗೆ ಆಗೋದು. ಊಟ ಮುಗಿಸಿ ಅಡ್ಡಾದರೆ ನ್ಯಾಪು. ಹರಿಕಥೆಯಲ್ಲಿ ತಲೆ ವಾಲಿದರೆ ಡೋಜು."

"ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ," ಎಂದರು ಬ್ಯಾಂಕಿನವರು. ಅವರನ್ನು ಯಾರೂ ಕೇಳಿರಲಿಲ್ಲ. "ಸರಿ, ಸಿಯೆಸ್ಟಾ?"

"ಸ್ಪೇನಿನವರ ಮಧ್ಯಾಹ್ನದ ನಿದ್ದೆ. ಲ್ಯಾಟಿನ್ನಿನ ಆರನೇ ಗಂಟೆಯಿಂದ ಬಂತು. ಬೆಳಗಾದ ಮೇಲೆ ಆರನೇ ಗಂಟೆ, ಅಂದರೆ ಮಟಮಟ ಮಧ್ಯಾಹ್ನ. ಮಧ್ಯಾಹ್ನಕ್ಕೆ ಇಂಗ್ಲಿಷಿನಲ್ಲಿ ನೂನ್ ಅನ್ನೋದರ ಮೂಲವೋ ಒಂಬತ್ತನೇ ಗಂಟೆ! ಮೊದಲು ಮೂರು ಗಂಟೆಗಿತ್ತು. ಮೆಲ್ಲಗೆ ಹನ್ನೆರಡಕ್ಕೆ ಸರಿಯಿತು."

"ಯಾರಿಗೋ ಹಸಿವು ಜಾಸ್ತಿ ಇತ್ತು ಅನ್ನಿ," ಭಟ್ಟರು ಚಕ್ಕುಲಿ ಮುರಿದರು. "ಅಷ್ಟು ದೂರ ಯಾಕೆ? ನಮ್ಮಲ್ಲೇ ಜೊಂಪು, ಮಂಪರು, ಕೋಳಿನಿದ್ದೆ ಎಲ್ಲ ಇದೆ."

"ತೂಕಡಿಕೆ ಬಿಟ್ಟಿರಲ್ಲ! ತೂಗು, ತೂಕಡಿಸು, ಎರಡಕ್ಕೂ ಒಂದೇ ಬೇರು. ತಮಿಳಿನಲ್ಲಂತೂ ತೂಂಗು ಅಂದರೆ ನೇತಾಡು ಅಂತಲೂ ಹೌದು, ನಿದ್ದೆ ಮಾಡು ಅಂತಲೂ ಹೌದು."

"ಬಾವಲಿಗೆ ಹೇಳಿ ಮಾಡಿಸಿದ ಹಾಗಿದೆ, ಬಿಡಿ," ಎಂದರು ಭಟ್ಟರು.