ಬೇಸಿಗ್ಯಾಗ ಹವಳ ಮುದುಡ್ಲಕತ್ಯಾವ: ಕಲಬುರಗಿ, 200 ಲೀಟರ್ ರೀಫ್ ಟ್ಯಾಂಕ್

ಗಂಜ್_ರೀಫ್ (ಕಲಬುರಗಿ)

ನಮಸ್ಕಾರ್ರಿ. ನಂದು ಹವಳ ಸಾಕೋ ಉಪ್ಪುನೀರಿನ ಟ್ಯಾಂಕ್ (ರೀಫ್ ಟ್ಯಾಂಕ್), ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ 200 ಲೀಟರ್ ನೀರು. ಒಳಗ ಹ್ಯಾಮರ್, ಝೋವಾ, ಒಂದು ಲೆದರ್, ಒಂದು ಮಾಂಟಿಪೋರಾ ಅಂತ ಹವಳ ಅವ. ಚಳಿಗಾಲದಾಗ ಎಲ್ಲಾ ಚಂದ ಅರಳ್ತಿದ್ವು. ಏಪ್ರಿಲ್ ಹತ್ತಿದ ಮ್ಯಾಲ ಹ್ಯಾಮರ್ ಒಳಗ ಎಳಕೊಂಡದ, ಝೋವಾ ಅರ್ಧ ದಿನ ಮುಚ್ಚಿಕೊಂಡೇ ಇರ್ತಾವ, ಮಾಂಟಿಪೋರಾದ ಅಂಚು ಬೆಳ್ಳಗಾಗ್ಯದ. ಬಸವನಹುಳಗಳು ಗಾಜು ಬಿಟ್ಟು ಕೆಳಗ ಬೀಳ್ಲಕತ್ಯಾವ.

ಇವತ್ತಿನ ಅಳತೆ: ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕ 35 ಭಾಗ), ಉಷ್ಣತೆ ಮುಂಜಾನೆ 26.5, ಸಂಜೆ 29.5 ಡಿಗ್ರಿ. ಆಲ್ಕಲಿನಿಟಿ (ಹವಳ ಎಲುಬು ಕಟ್ಟಲಿಕ್ಕೆ ಬಳಸೋ ಕಾರ್ಬೊನೇಟ್ ಅಂಶ) 11.2 ಡಿಕೆಎಚ್, ಕ್ಯಾಲ್ಸಿಯಂ 440, ಮೆಗ್ನೀಸಿಯಂ 1220, ನೈಟ್ರೇಟ್ 25, ಫಾಸ್ಫೇಟ್ 0.22 ಪಿಪಿಎಂ. ಅಮೋನಿಯಾ ಸೊನ್ನೆ.

ದಿನಾ 4 ಲೀಟರ್ ಆವಿ ಆಗ್ತದ, ಚಳಿಗಾಲದಾಗ ಒಂದೂವರೆ ಇತ್ತು. ಟಾಪ್-ಅಪ್ ನೀರು (ಆವಿ ಆದಷ್ಟು ತಿರುಗಿ ತುಂಬೋದು) ಅಡುಗೆಮನಿ ಆರ್‌ಓದಿಂದ, ಅದರಾಗ ತಾಮ್ರದ ಕಾರ್ಟ್ರಿಜ್ ಅದ, ಟಿಡಿಎಸ್ (ನೀರಾಗ ಕರಗಿದ ಲವಣ) ಮೀಟರ್ 70 ತೋರಸ್ತದ. ಮೂಲ ಬೋರ್‌ವೆಲ್ ನೀರು 900ರ ಮ್ಯಾಲ. ಟಾಪ್-ಅಪ್‌ನಾಗ ಲೀಟರಿಗೆ 1 ಗ್ರಾಂ ಸುಣ್ಣ ಕಲಸ್ತೀನಿ. ಎಲ್ಲಿಂದ ಸರಿ ಮಾಡ್ಲಿ? ಇನ್ನೊಂದು, ಬಂಡೆ ಜಾಸ್ತಿ ಬೇಕು, ಶಹಾಬಾದ್ ಕಲ್ಲು ಹಾಕ್ಲಿಕ್ಕೆ ಬರ್ತದೇನ್ರಿ?

ಕಾರಂಜಾ_ಅಕ್ವಾ (ಬೀದರ್)

ಉಳಿದ ಅಂಕಿ ನೋಡೋ ಮೊದಲೇ ಆ ಆರ್‌ಓ ನೀರು ಇವತ್ತೇ ನಿಲ್ಲಿಸಿ. ಹವಳ, ಬಸವನಹುಳ, ಸಿಗಡಿ ಇವಕ್ಕೆಲ್ಲ ತಾಮ್ರ ವಿಷ. ಮನುಷ್ಯ ಕುಡಿಯೋದಕ್ಕೆ ಒಳ್ಳೇದು ಅಂತ ಸೇರಿಸೋ ಪ್ರಮಾಣವೇ ಇವಕ್ಕೆ ಜಾಸ್ತಿ ಆಗುತ್ತೆ. ಆವಿಯಾಗಿ ಹೋಗೋದು ಬರೀ ನೀರು, ತಾಮ್ರ ಟ್ಯಾಂಕಿನಲ್ಲೇ ಉಳಿಯುತ್ತೆ, ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಕೂಡುತ್ತಾ ಹೋಗುತ್ತೆ. ಮೊದಲು ಬಸವನಹುಳ ಬೀಳೋದು, ಆಮೇಲೆ ಝೋವಾ ಮುಚ್ಚೋದು, ನೀವು ಬರೆದಿರೋ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತೆ. ಅಂಗಡಿಯ ತಾಮ್ರದ ಕಿಟ್ ನಂಬಬೇಡಿ. ಅದು ಮೀನಿನ ಔಷಧಿಯ ಮಟ್ಟ ಅಳೆಯೋಕೆ ಮಾಡಿದ್ದು, ಹವಳಕ್ಕೆ ತೊಂದರೆ ಕೊಡೋ ಮಟ್ಟದಲ್ಲಿ ಸೊನ್ನೆಯನ್ನೇ ತೋರಿಸಬಹುದು. ಖಚಿತವಾಗಿ ಗೊತ್ತಾಗಬೇಕಂದ್ರೆ ಐಸಿಪಿ ಪರೀಕ್ಷೆಗೆ (ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯೋ ಲ್ಯಾಬ್ ಪರೀಕ್ಷೆ) ಮಾದರಿ ಕಳಿಸಿ.

ಎರಡನೇ ಸಮಸ್ಯೆ ಟಿಡಿಎಸ್ ಕಂಟ್ರೋಲರ್. ಮನೆ ಆರ್‌ಓಗಳಲ್ಲಿ ಮೆಂಬ್ರೇನಿಂದ ಬಂದ ನೀರಿಗೆ ರುಚಿಗಾಗಿ ಒಂದಿಷ್ಟು ಮೂಲ ನೀರು ಬೆರೆಸೋ ಸಣ್ಣ ವಾಲ್ವ್ ಇರುತ್ತೆ. ನಿಮ್ಮ 70ರಲ್ಲಿ ಬೋರ್‌ವೆಲ್ ನೀರೂ ಇದೆ ಅಂದುಕೊಳ್ಳಿ. ಬೋರ್ ನೀರಿನಲ್ಲಿ ನೈಟ್ರೇಟ್ ಇದ್ದರೆ ಅದೂ ಈ ದಾರಿಯಲ್ಲೇ ಟ್ಯಾಂಕಿಗೆ ಬರುತ್ತೆ.

ಯಂತ್ರ ಬದಲಾಯಿಸೋದು ಬೇಡ. ಮೆಂಬ್ರೇನ್ ಹೌಸಿಂಗಿನ ಶುದ್ಧ ನೀರಿನ ಬಾಯಿಗೆ, ಅಂದ್ರೆ ಕಂಟ್ರೋಲರ್, ತಾಮ್ರ, ಮಿನರಲ್ ಎಲ್ಲಕ್ಕೂ ಮೊದಲು, ಕಾಲಿಂಚಿನ ಟಿ ಹಾಕಿ ಬೇರೆ ಪೈಪ್ ಎಳೀರಿ. ಟಿ ಆದ ಮೇಲೆ ಕುಡಿಯೋ ನೀರಿನ ಕಡೆ ಚೆಕ್ ವಾಲ್ವ್ ಇರಲಿ, ಇಲ್ಲದಿದ್ದರೆ ಮಿನರಲ್ ನೀರು ಹಿಂದಕ್ಕೆ ಬರುತ್ತೆ. ಆ ಪೈಪಿಗೆ ಮಿಕ್ಸ್ಡ್ ಬೆಡ್ ಡಿಐ ರೆಸಿನ್ (ಆರ್‌ಓ ದಾಟಿ ಬಂದ ಲವಣವನ್ನೂ ಹಿಡಿಯೋ ಸಣ್ಣ ಮಣಿಗಳು) ತುಂಬಿದ 10 ಇಂಚಿನ ಹೌಸಿಂಗ್ ನಿಲ್ಲಿಸಿ, ನೀರು ಕೆಳಗಿಂದ ಮೇಲಕ್ಕೆ ಹರಿಯೋ ಹಾಗೆ. ಹೊರಗೆ ಬರೋ ನೀರಿನ (ಇದೇ ಡಿಐ ನೀರು) ಟಿಡಿಎಸ್ ಸೊನ್ನೆ ಇರಬೇಕು. ಮೀಟರ್ 1–2 ತೋರಿಸಿದ ದಿನವೇ ರೆಸಿನ್ ಬದಲಿಸಿ, ಯಾಕಂದ್ರೆ ಮುಗಿಯುತ್ತಾ ಬಂದ ರೆಸಿನ್ ಹಿಡಿದಿಟ್ಟಿದ್ದ ಸಿಲಿಕಾ, ನೈಟ್ರೇಟನ್ನು ಒಟ್ಟಿಗೆ ಬಿಟ್ಟುಕೊಡುತ್ತೆ. ಯಂತ್ರ ಶುರುವಾದಾಗಿನ ಮೊದಲ ನಾಲ್ಕೈದು ನಿಮಿಷದ ನೀರು ಚೆಲ್ಲಿ, ಅದರಲ್ಲಿ ಟಿಡಿಎಸ್ ಜಾಸ್ತಿ ಇರುತ್ತೆ. ನಮ್ಮ ಕಡೆ ಮುಖ್ಯವಾದ ಮಾತು: ಮಧ್ಯಾಹ್ನ ಮಾಳಿಗೆ ಟ್ಯಾಂಕಿನ ಕಾದ ನೀರಲ್ಲಿ ಆರ್‌ಓ ಓಡಿಸಬೇಡಿ. ನೀರು ಬಿಸಿಯಾದಷ್ಟೂ ಮೆಂಬ್ರೇನ್ ದಾಟೋ ಲವಣ ಹೆಚ್ಚು. ಬೆಳಗಿನ ಜಾವ ತುಂಬಿಸಿಕೊಳ್ಳಿ.

ಈಗಿರೋ ತಾಮ್ರಕ್ಕೆ: ಸಂಪಿನಲ್ಲಿ ತಾಮ್ರ ಹಿಡಿದರೆ ನೀಲಿಗೆ ತಿರುಗೋ ಪ್ಯಾಡ್ ಅಥವಾ ಲೋಹ ಹಿಡಿಯೋ ರೆಸಿನ್, ಜೊತೆಗೆ ತೊಳೆದ ಆಕ್ಟಿವೇಟೆಡ್ ಕಾರ್ಬನ್ 100 ಗ್ರಾಂ. ಡಿಐ ನೀರು ಸಿಕ್ಕ ಮೇಲೆ 40 ಲೀಟರ್ ಬದಲಿಸಿ, ವಾರ ಬಿಟ್ಟು ಇನ್ನೊಮ್ಮೆ. ಎರಡೂ ಸೇರಿ ಶೇ. 36ರಷ್ಟು ಹಳೇ ನೀರು ಹೋಗುತ್ತೆ. ಬಂಡೆಯೂ ತಾಮ್ರ ಹೀರಿಕೊಂಡು ನಿಧಾನಕ್ಕೆ ಬಿಡೋದರಿಂದ ಪ್ಯಾಡ್ ಬೇಗ ತೆಗೀಬೇಡಿ.

ಶಹಾಪುರ_ಹವಳ (ಯಾದಗಿರಿ)

ತಾಮ್ರದ ಮಾತು ಖರೆ. ಆದ್ರ ಮಾಂಟಿಪೋರಾ ಅಂಚು ಬೆಳ್ಳಗಾಗಲಿಕ್ಕೆ ನಿಮ್ಮ ಸುಣ್ಣಾನೂ ಕಾರಣ ಇರಬಹುದ್ರಿ, ಲೆಕ್ಕ ನೋಡ್ರಿ. 200 ಲೀಟರಿನಾಗ 1 ಗ್ರಾಂ ಸುಣ್ಣ ಆಲ್ಕಲಿನಿಟಿನ 0.38 ಡಿಕೆಎಚ್ ಏರಿಸ್ತದ. ಚಳಿಗಾಲದಾಗ ಒಂದೂವರೆ ಲೀಟರ್ ಆವಿ ಆದಾಗ ದಿನಕ್ಕ 0.57 ಹೋಗ್ತಿತ್ತು, ಹವಳ ಅದನ್ನ ತಿಂದು ಸರಿದೂಗಿಸ್ತಿದ್ವು. ಈಗ 4 ಲೀಟರ್, ಅಂದ್ರ ದಿನಕ್ಕ 1.5. ಹವಳದ ಹಸಿವು ಅಷ್ಟೇ ಅದ, ಬಿಸಿಲಿಗೆ ಡೋಸ್ ಮಾತ್ರ ಎರಡೂವರೆ ಪಟ್ಟು ಆಗ್ಯದ. ಕಲಬುರಗಿ, ಯಾದಗಿರಿಯಂಥಾ ಒಣ ಬಿಸಿಲಿನ ಊರಾಗ ಟಾಪ್-ಅಪ್ ನೀರಿಗೆ ಸುಣ್ಣ ಕಟ್ಟಬಾರದು. ಟಾಪ್-ಅಪ್‌ಗೆ ಬರೀ ಡಿಐ ನೀರು ಇರಲಿ, ಡೋಸ್ ಬ್ಯಾರೆ ಪಂಪಿನಿಂದ ಹೋಗಲಿ.

ಈಗ ಸುಣ್ಣ ಪೂರ್ತಿ ಬಿಡ್ರಿ. ಇಳಿಸಲಿಕ್ಕೆ ಆಸಿಡ್ ಗೀಸಿಡ್ ಏನೂ ಹಾಕಬ್ಯಾಡ್ರಿ, ತಾನೇ ಇಳೀತದ. ದಿನಾ ಒಂದೇ ಹೊತ್ತಿಗೆ ಅಳೀರಿ. ಎರಡು ದಿನದಾಗ 11.2ರಿಂದ 10.4 ಆತಂದ್ರ ನಿಮ್ಮ ಟ್ಯಾಂಕಿನ ಖರ್ಚು ದಿನಕ್ಕ 0.4. 8.5ಕ್ಕ ಬಂದ ಮ್ಯಾಲ ಅಷ್ಟೇ ತಿರುಗಿ ಕೊಡ್ರಿ: 2.4 ಗ್ರಾಂ ಅಡುಗಿ ಸೋಡಾ, ಡಿಐ ನೀರಿನಾಗ ಕರಗಿಸಿ, ಹರಿವು ಜೋರಿದ್ದಲ್ಲಿ ಹನಿ ಹನಿ. ಬೇಕಿಂಗ್ ಪೌಡರ್ ಅಲ್ರಿ, ಅದರಾಗ ಆಮ್ಲ, ಪಿಷ್ಟ ಬೆರೆತಿರ್ತದ. ಬರೀ ಸೋಡಾ ಕೊಟ್ಟರ ಕ್ಯಾಲ್ಸಿಯಂ ಬ್ಯಾರೆ ಕೊಡಬೇಕಾಗ್ತದ, 1 ಡಿಕೆಎಚ್ ಖರ್ಚಾದಾಗ ಸುಮಾರು 7 ಪಿಪಿಎಂ ಕ್ಯಾಲ್ಸಿಯಂ ಹೋಗಿರ್ತದ. ಸದ್ಯಕ್ಕ ನಿಮ್ಮ 440 ಸಾಕು, ಮುಟ್ಟಬ್ಯಾಡ್ರಿ.

ಮೆಗ್ನೀಸಿಯಂ 1220 ಕಮ್ಮಿ. ಅದು ಕಮ್ಮಿ ಇದ್ದು ಆಲ್ಕಲಿನಿಟಿ ಏರಿದ್ರ ಕ್ಯಾಲ್ಸಿಯಂ ಕಾರ್ಬೊನೇಟ್ ಹೀಟರಿನ ಮ್ಯಾಲ, ಪಂಪಿನ ಇಂಪೆಲರಿನಾಗ ಗಟ್ಟಿ ಪದರ ಕಟ್ತದ. ಇಂಪೆಲರ್ ಬಿಚ್ಚಿ ಬೆರಳಾಡಿಸಿ ನೋಡ್ರಿ, ಬಿಳಿ ಉಸುಕಿನಂಗ ಹತ್ತಿದ್ರ ಅದೇ. 1320ಕ್ಕ ತರಲಿಕ್ಕೆ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 167 ಗ್ರಾಂ ಬೇಕು. ನಾಲ್ಕು ದಿನಕ್ಕ ಹಂಚಿ ಹಾಕ್ರಿ.

ಎಲಿ-ಅಡಿಕಿ ಸುಣ್ಣ ಬಳಸ್ತಿದ್ರ ಅದನ್ನೂ ಬಿಡ್ರಿ. ಅದರಾಗ ಏನೇನು ಬೆರಕಿ ಅದ ಅಂತ ಗೊತ್ತಾಗಲ್ಲ, ಡಬ್ಬಿ ತೆರೆದಿಟ್ಟಷ್ಟೂ ಗಾಳಿಗೆ ಕಾರ್ಬೊನೇಟ್ ಆಗಿ ಕಸುವು ಇಳೀತದ.

ಗಂಜ್_ರೀಫ್ (ಕಲಬುರಗಿ)

ತಿಳೀತ್ರಿ, ಸುಣ್ಣ ಇವತ್ತೇ ಬಂದ್. ಉಷ್ಣತೆಗೆ ಚಿಲ್ಲರ್ ತರ್ಲೇಬೇಕೇನು? ನೈಟ್ರೇಟ್, ಫಾಸ್ಫೇಟಿಗೆ ಏನು ಮಾಡ್ಲಿ? ಮತ್ತ ಆ ಕಲ್ಲಿಂದು ಹೇಳ್ರಿ.

ಕಾರಂಜಾ_ಅಕ್ವಾ (ಬೀದರ್)

ಚಿಲ್ಲರ್‌ಗೆ ಮೊದಲು ಫ್ಯಾನ್. ಒಂದು ಲೀಟರ್ ನೀರು ಆವಿಯಾದರೆ 200 ಲೀಟರಿನಿಂದ ಸುಮಾರು 3 ಡಿಗ್ರಿಯಷ್ಟು ಶಾಖ ಹೊರಗೆ ಹೋಗುತ್ತೆ. ಮುಚ್ಚಳ ತೆಗೆದು ಬಲೆ ಹಾಕಿ, 12 ವೋಲ್ಟಿನ ಎರಡು 120 ಮಿಮೀ ಫ್ಯಾನ್ ನೀರಿನ ಮೇಲ್ಮೈಗೆ ಓರೆಯಾಗಿ ನಿಲ್ಲಿಸಿ, 26ಕ್ಕೆ ಶುರುವಾಗೋ ಥರ್ಮೋಸ್ಟಾಟ್ ಕೊಡಿ. ಏಪ್ರಿಲ್-ಮೇ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಅದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ಹುಲ್ಲಿನ ಕೂಲರ್ ಹಚ್ಚಿದರೆ ತೇವ ತುಂಬಿ ಫ್ಯಾನಿನ ಗುಣ ಕಮ್ಮಿಯಾಗುತ್ತೆ. ಕೂಲರ್ ಬೇಕಿದ್ದರೆ ಎದುರಿನ ಕಿಟಕಿ ತೆರೆದಿಡಿ. ಬೆಳಗ್ಗೆಗೂ ಸಂಜೆಗೂ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರದ ಹಾಗೆ ನೋಡಿಕೊಳ್ಳಿ. ಇಷ್ಟು ಮಾಡಿಯೂ 28 ದಾಟಿದರೆ ಆಗ ಚಿಲ್ಲರ್. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಮೊದಲು ಇರಬೇಕಾದ್ದು ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಹರಿಸೋ ಪಂಪ್), ಲೈಟಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಮ್ಮಿ, ಹರಿವೂ ನಿಂತರೆ ಮೀನು, ಹವಳ ಎರಡಕ್ಕೂ ಉಸಿರು ಕಟ್ಟುತ್ತೆ.

ನೈಟ್ರೇಟ್ 25, ಫಾಸ್ಫೇಟ್ 0.22 ಇದಕ್ಕೆ ಗಾಬರಿ ಬೇಡ. ನೈಟ್ರೇಟ್ 5–10, ಫಾಸ್ಫೇಟ್ 0.05–0.1 ಗುರಿ ಇಟ್ಟುಕೊಂಡು ತಿಂಗಳುಗಟ್ಟಲೆ ಇಳಿಸಿ. ಜಿಎಫ್‌ಓ (ಫಾಸ್ಫೇಟ್ ಹಿಡಿಯೋ ಕಬ್ಬಿಣದ ಹರಳು) ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಸಾಕು. ಎರಡನ್ನೂ ಸೊನ್ನೆಗೆ ಇಳಿಸಿದರೆ ಹವಳ ಸೊರಗುತ್ತೆ, ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿಯ ಕಂದು ಲೋಳೆ ಬರೋ ಸಂಭವವೂ ಜಾಸ್ತಿ. ಅದನ್ನ ಹೋಗಲಾಡಿಸೋದು ನೈಟ್ರೇಟ್ ಇಳಿಸೋದಕ್ಕಿಂತ ಬಹಳ ಕಷ್ಟ.

ನೀರು ಬದಲಿಸುವಾಗ ಲೀಟರಿಗೆ ಸುಮಾರು 37 ಗ್ರಾಂ ರೀಫ್ ಸಾಲ್ಟ್, 40 ಲೀಟರಿಗೆ ಒಂದೂವರೆ ಕಿಲೋ. ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರು ಹಾಕಬೇಡಿ, ತಳದಲ್ಲಿ ಕ್ಯಾಲ್ಸಿಯಂ ಕೂತುಬಿಡುತ್ತೆ. ಕೆಲವು ಉಪ್ಪು ಕಲಸಿದಾಗಲೇ 11–12 ಡಿಕೆಎಚ್ ಇರುತ್ತೆ, ಹಾಕೋ ಮೊದಲು ಅಳೀರಿ. ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರನ್ನ 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿ.

ಶಹಾಪುರ_ಹವಳ (ಯಾದಗಿರಿ)

ಶಹಾಬಾದ್ ಕಲ್ಲು ಸುಣ್ಣದಕಲ್ಲೇ, ಅದಕ್ಕ ಕ್ಯಾಲ್ಸಿಯಂ ಕೊಡ್ತದ ಅಂತ ಮಂದಿ ತಿಳೀತಾರ. 8ರ ಮ್ಯಾಲಿನ ಪಿಎಚ್‌ನಾಗ ಅದು ಕರಗಂಗಿಲ್ಲ, ಹಂಗಾಗಿ ಏನೂ ಕೊಡಂಗಿಲ್ಲ. ರಂಧ್ರ ಇಲ್ಲದ ಗಟ್ಟಿ ಹಾಸು, ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾಕ್ಕ ಒಳಗ ಜಾಗಾನೇ ಇಲ್ಲ. ಪದರದ ನಡುವ ಜೇಡಿ ಇರ್ತದ. ಹವಳದ ಕಡ್ಡಿ ಅಂಟಿಸಲಿಕ್ಕೆ ಸಣ್ಣ ತುಂಡು ತಿಕ್ಕಿ ತೊಳೆದು ಬಳಸಬಹುದು, ಫಿಲ್ಟರಿಗೆ ಬರಲ್ಲ. ಬೀದರ್ ಕಡೀ ಜಂಬಿಟ್ಟಿಗೆ ಅಂತೂ ಬ್ಯಾಡೇ ಬ್ಯಾಡ, ಕಬ್ಬಿಣ ತುಂಬ್ಯದ. ಹೊಸ ಸೆರಾಮಿಕ್ ಬಂಡೆ ತರಸ್ರಿ. ಸಮುದ್ರದ್ದು ಲೈವ್ ರಾಕ್ (ಜೀವಿಗಳು ಹತ್ತಿದ ಹವಳದ ಬಂಡೆ) ಕೊಡ್ತೀನಿ ಅಂತ ಯಾರರ ಬಂದ್ರ ತಗೋಬ್ಯಾಡ್ರಿ. ನಮ್ಮ ಕಡಲಿನ ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಾಗ ಅವ. ಹವಳ ಕೊಳ್ಳುವಾಗಲೂ ಆಮದಿನ ಕಾಗದ ಕೇಳಿ ತಗೋರಿ.